ಬಾಲ ಮುರಿದು, ರೆಕ್ಕೆ ಹರಿದರೂ ವಿಮಾನ ಹತೋಟಿಯಲ್ಲಿ ಉಳಿಯುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದೇನೆ. ಮೇಲ್ಛಾವಣಿ ಕಿತ್ತುಹೋದ ವಿಮಾನ ಇಳಿದದ್ದು, ಒಂದೇ ರೆಕ್ಕೆಯಲ್ಲಿ ಫೈಟರ್ ಇಳಿದದ್ದು, ಇಂಥ ವಿಡಿಯೊಗಳನ್ನು ನೋಡಿದೆ. ಅರ್ಧ ವಿಮಾನವೇ ಇಲ್ಲದಿದ್ದರೂ ಅದು ಕೆಳಗೆ ಬೀಳುವುದಿಲ್ಲ ಏಕೆ? ಈಗ ಎಲ್ಲವನ್ನೂ ಕಂಪ್ಯೂಟರೇ ಸರಿಮಾಡುತ್ತದೆ ಎನ್ನುತ್ತಾನೆ ಗೆಳೆಯ. ನಮ್ಮ ಪಕ್ಕದ ಚಳ್ಳಕೆರೆಯಲ್ಲಿ ಬಾಲವೇ ಇಲ್ಲದ ವಿಮಾನ ಹಾರಿಸಿದ್ದಾರಂತೆ. ಹಾಗಾದರೆ ಬಾಲ ಬೇಕೇ ಬೇಕು ಅಂತ ಏನೂ ಇಲ್ಲವೇ?

ಉತ್ತರ: ಮೊದಲು ಒಂದು ಮಾತು. ಆ ವಿಡಿಯೊಗಳನ್ನು ನೋಡುವಾಗ ನಮ್ಮ ಕಣ್ಣು ಹೋಗುವುದು ಕಿತ್ತುಹೋದ ಜಾಗಕ್ಕೆ. ವಿಮಾನ ಉಳಿಯುತ್ತದೋ ಇಲ್ಲವೋ ಎನ್ನುವುದನ್ನು ಮಾತ್ರ ಆ ತೂತಿನ ಅಳತೆ ಹೇಳುವುದಿಲ್ಲ. ಉಳಿದ ಭಾಗ ಭಾರ ತಡೆಯುತ್ತದೆಯೇ, ವಾಲುವಿಕೆಯನ್ನು ಸರಿದೂಗಿಸಲು ಹತೋಟಿ ಸಾಕಾಗುತ್ತದೆಯೇ, ಪೈಲಟ್ ಕೈಯಿಂದ ರೆಕ್ಕೆ-ಬಾಲಗಳವರೆಗೆ ಹೋಗುವ ದಾರಿ ಉಳಿದಿದೆಯೇ ಎಂಬ ಮೂರು ಪ್ರಶ್ನೆಗಳು ಬೇರೆ ಬೇರೆ. ಒಂದು ಸರಿಯಿದ್ದು ಇನ್ನೊಂದು ಕೈಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಈ ಮೂರರ ಉತ್ತರವನ್ನೂ ಬದಲಿಸುವುದು ವೇಗ. 250 ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹೇಳಿದ ಹಾಗೆ ಕೇಳುವ ವಿಮಾನ 140 ನಾಟ್‌ನಲ್ಲಿ ಮಗುಚಿಕೊಳ್ಳಬಹುದು.

ಗಟ್ಟಿತನದ ವಿಷಯ ಬೇಗ ಮುಗಿಸೋಣ, ಜನ ಹೆದರುವಷ್ಟು ತೊಂದರೆ ಅಲ್ಲಿ ಇರುವುದು ಕಡಿಮೆ. ದೊಡ್ಡ ಪ್ರಯಾಣಿಕ ವಿಮಾನದ ರೆಕ್ಕೆಯನ್ನು ಗುರುತ್ವದ 2.5 ಪಟ್ಟು ಭಾರಕ್ಕೆ ಲೆಕ್ಕಹಾಕಿ, ಅದರ ಮೇಲೆ ಒಂದೂವರೆ ಪಟ್ಟು, ಅಂದರೆ 3.75 ಪಟ್ಟು ಭಾರಕ್ಕೂ ಮುರಿಯದಂತೆ ಕಟ್ಟುತ್ತಾರೆ. ನೇರ ಹಾರಾಟದಲ್ಲಿ ಅದರ ಮೇಲಿರುವುದು ಒಂದು ಪಟ್ಟು ಮಾತ್ರ. ಹಾಗಾಗಿ ಒಂದಷ್ಟು ಹೋದರೂ, ವಿಮಾನವನ್ನು ನಾಜೂಕಾಗಿ ನಡೆಸಿದರೆ ಉಳಿದದ್ದು ತಡೆಯುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ 24,000 ಅಡಿ ಎತ್ತರದಲ್ಲಿ ಬೋಯಿಂಗ್ 737ರ ಮೇಲ್ಛಾವಣಿ ಸುಮಾರು 5.5 ಮೀಟರ್ ಉದ್ದಕ್ಕೆ ಹಾರಿಹೋಯಿತು. ನೀವು ನೋಡಿರುವ ವಿಡಿಯೊ ಅದರದ್ದೇ ಇರಬೇಕು. 95 ಜನರಲ್ಲಿ ಒಬ್ಬ ಗಗನಸಖಿಯನ್ನು ಬಿಟ್ಟು ಎಲ್ಲರೂ ಉಳಿದರು. ವಿಮಾನದ ಒಡಲು ಬಿದಿರಿನ ಗಳ ಇದ್ದ ಹಾಗೆ. ಗಳವನ್ನು ಸೀಳಿದರೆ ತಿರುಚುವ ಬಲಕ್ಕೆ ನಿಲ್ಲುವುದಿಲ್ಲ, ಆದರೆ ಬಾಗುವಿಕೆಯನ್ನು ಒಂದಷ್ಟು ತಡೆಯುತ್ತದೆ. ಅಲ್ಲಿ ನೆಲದ ತೊಲೆಗಳೂ ಕೆಳಗಿನ ಅರ್ಧವೂ ಉಳಿದದ್ದರಿಂದ ಮೂತಿ ಕಳಚಿ ಬೀಳಲಿಲ್ಲ.

ಇದಕ್ಕೆ ವಿರುದ್ಧದ್ದೂ ಇದೆ. 2025ರ ಮೇನಲ್ಲಿ ದೆಹಲಿಯಿಂದ ಶ್ರೀನಗರಕ್ಕೆ ಹೊರಟ ವಿಮಾನವೊಂದು ಆಲಿಕಲ್ಲಿಗೆ ಸಿಕ್ಕು ಮೂತಿ ಒಡೆದುಕೊಂಡು ಇಳಿಯಿತು. ಫೋಟೊ ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಮೂತಿ ರೇಡಾರ್ ಮೇಲಿನ ಮುಚ್ಚಳ, ವಿಮಾನದ ಭಾರ ಹೊರುವ ಭಾಗವೇ ಅಲ್ಲ.

ಈಗ ನಿಜವಾದ ಸಂಗತಿ, ವಾಲುವಿಕೆ. ಒಂದು ಲೆಕ್ಕ ಮಾಡೋಣ. 60 ಟನ್ ವಿಮಾನದಲ್ಲಿ ಒಂದೊಂದು ರೆಕ್ಕೆ 30 ಟನ್ ಹೊರುತ್ತದೆ. ಎಡರೆಕ್ಕೆಯ ತುದಿ ಮುರಿದು, ಆ ತುಂಡು ಹೊರುತ್ತಿದ್ದ ಒಂದೂವರೆ ಟನ್ ಹೋಯಿತು ಎನ್ನಿ. ಆ ತುಂಡು ಇದ್ದದ್ದು ನಡುವಿನಿಂದ 14 ಮೀಟರ್ ಆಚೆ. ಅಂದರೆ 50 ಕೆಜಿಯ 30 ಚೀಲ ಮೆಕ್ಕೆಜೋಳವನ್ನು 14 ಮೀಟರ್ ಉದ್ದದ ಗಳದ ತುದಿಗೆ ಒಂದೇ ಕಡೆ ನೇತುಹಾಕಿದಷ್ಟು ವಾಲು: 21 ಟನ್-ಮೀಟರ್. ಇದನ್ನು ಏಲೆರಾನ್ ತಡೆಯಬೇಕು. ರೆಕ್ಕೆಯ ಹಿಂಬದಿಯಲ್ಲಿ ಮೇಲೆ-ಕೆಳಗೆ ಬಾಗುತ್ತದಲ್ಲ, ಆ ಪಟ್ಟಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ವಿಮಾನದ ತೂಕ ಬದಲಾಗದಿದ್ದರೆ, ನೇರ ಹಾರುವಾಗ ರೆಕ್ಕೆಗಳು ಒಟ್ಟು ಎತ್ತಬೇಕಾದದ್ದೂ ಬದಲಾಗುವುದಿಲ್ಲ. ಹಾಗಾಗಿ ಈ ವಾಲು ವೇಗ ಯಾವುದೇ ಇರಲಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಏಲೆರಾನಿನ ಕಸುವು ಹಾಗಲ್ಲ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 250 ನಾಟ್‌ನಲ್ಲಿ 6 ಡಿಗ್ರಿ ಏಲೆರಾನ್ ಸಾಕಾದರೆ, ವೇಗ ಅರ್ಧಕ್ಕೆ, ಅಂದರೆ 125 ನಾಟ್‌ಗೆ ಇಳಿದಾಗ 24 ಡಿಗ್ರಿ ಬೇಕು. ಏಲೆರಾನ್ ಬಾಗುವುದೇ 20 ಡಿಗ್ರಿ ಎಂದಿಟ್ಟುಕೊಂಡರೆ ಲೆಕ್ಕ 137 ನಾಟ್‌ನಲ್ಲೇ ಮುಗಿದುಹೋಯಿತು. ಅದಕ್ಕಿಂತ ಕೆಳಗೆ ರೆಕ್ಕೆ ಸ್ಟಾಲ್ ಆಗಿರದಿದ್ದರೂ, ಅಂದರೆ ವೇಗ ಸಾಲದೆ ಎತ್ತುವ ಬಲ ಕಳೆದುಕೊಂಡಿರದಿದ್ದರೂ, ವಿಮಾನ ಎಡಕ್ಕೆ ಮಗುಚುತ್ತದೆ. ಪುಸ್ತಕದಲ್ಲಿರುವ ಸ್ಟಾಲ್ ವೇಗ 115 ನಾಟ್ ಎಂದಿರಬಹುದು. ಪೆಟ್ಟು ತಿಂದ ವಿಮಾನಕ್ಕೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ಬಿರುಸಾಗಿ ಎಳೆದು ತಿರುಗಿಸಿದರೂ ಇದೇ ಗತಿ. 60 ಡಿಗ್ರಿ ವಾಲಿಸಿ ತಿರುಗಿದರೆ ರೆಕ್ಕೆ ಎರಡು ಪಟ್ಟು ಎತ್ತಬೇಕು, ಆಗ ವಾಲೂ ಎರಡು ಪಟ್ಟಾಗುತ್ತದೆ. 15 ಡಿಗ್ರಿಯಲ್ಲಿ ತಿರುಗಿದರೆ ಹೆಚ್ಚುವುದು ನೂರಕ್ಕೆ ನಾಲ್ಕರಷ್ಟೂ ಇಲ್ಲ. ಇಂಧನ ಸುಟ್ಟು ತೂಕ ಇಳಿಸಿದರೆ ವಾಲೂ ಆ ಪ್ರಮಾಣದಲ್ಲಿ ಇಳಿಯುತ್ತದೆ.

ನೀವು ಕೇಳಿದ ಫೈಟರ್ ಕಥೆ ಇದಕ್ಕೆ ಸರಿಯಾದ ಸಾಕ್ಷಿ. 1983ರ ಮೇ 1ರಂದು ಇಸ್ರೇಲಿನ ನೆಗೆವ್ ಮರುಭೂಮಿಯ ಮೇಲೆ ಅಭ್ಯಾಸದ ವೇಳೆ ಎಫ್-15 ಒಂದು ಸ್ಕೈಹಾಕ್ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಬಲರೆಕ್ಕೆ ಒಡಲಿನಿಂದ ಎರಡಡಿಯಷ್ಟು ಮೊಂಡು ಉಳಿದು ಮಿಕ್ಕದ್ದೆಲ್ಲ ಹೋಯಿತು. ಪೈಲಟ್ ಝಿವಿ ನೆದಿವಿ ಎಂಜಿನ್ನಿಗೆ ಹೆಚ್ಚುವರಿ ನೂಕು ಕೊಡುವ ಆಫ್ಟರ್‌ಬರ್ನರ್ ಹಾಕಿ ವೇಗ ಏರಿಸಿದಾಗ ವಿಮಾನ ಹಿಡಿತಕ್ಕೆ ಬಂತು. ವೇಗ ಇಳಿಸಹೋದಾಗ ಮತ್ತೆ ಉರುಳತೊಡಗಿತು. ಕೊನೆಗೆ ಅವರು ಸುಮಾರು 260 ನಾಟ್‌ನಲ್ಲಿ, ಮಾಮೂಲಿಗಿಂತ ಎರಡು ಪಟ್ಟು ವೇಗದಲ್ಲಿ ಇಳಿಸಿದರು. ಎಫ್-15ರ ಅಗಲವಾದ ಒಡಲೇ ಒಂದಷ್ಟು ಎತ್ತುತ್ತದೆ. ಹಿಂದಿನ ಎರಡು ಅಡ್ಡಬಾಲಗಳನ್ನು ಒಂದು ಮೇಲೆ ಒಂದು ಕೆಳಗೆ ತಿರುಗಿಸಿ ಏಲೆರಾನ್ ಕೆಲಸವನ್ನೂ ಮಾಡಿಸಬಹುದು. ಈ ಎರಡು ಅನುಕೂಲ ಪ್ರಯಾಣಿಕ ವಿಮಾನಕ್ಕಿಲ್ಲ, ಆದ್ದರಿಂದ ‘ಯಾವ ವಿಮಾನವೂ ಒಂದೇ ರೆಕ್ಕೆಯಲ್ಲಿ ಹಾರಬಲ್ಲದು’ ಎಂದು ತಿಳಿಯಬೇಡಿ.

ವೇಗ ಇಳಿಸಿ ಕೆಟ್ಟ ಉದಾಹರಣೆ 1979ರ ಮೇ 25ರ ಶಿಕಾಗೊ ದುರಂತ. ಮೂರು ಎಂಜಿನ್ನಿನ ಪ್ರಯಾಣಿಕ ವಿಮಾನ ಡಿಸಿ-10 ನೆಲ ಬಿಡುವ ಹೊತ್ತಿಗೆ ಎಡಗಡೆಯ ಎಂಜಿನ್ ಅದರ ಕೊಂಡಿ ಸಮೇತ ಕಿತ್ತುಹೋಯಿತು. ಎಂಜಿನ್ ಹೋದದ್ದು ದೊಡ್ಡ ವಿಷಯವಲ್ಲ, ಮಿಕ್ಕ ಎರಡರಲ್ಲಿ ಏರಬಹುದಿತ್ತು. ಆದರೆ ಹೋಗುವಾಗ ಅದು ಹೈಡ್ರಾಲಿಕ್, ಅಂದರೆ ಒತ್ತಡದ ಎಣ್ಣೆಯ, ಕೊಳವೆಗಳನ್ನು ಹರಿದಿತ್ತು. ಕಡಿಮೆ ವೇಗದಲ್ಲೂ ರೆಕ್ಕೆ ಎತ್ತಲೆಂದು ಮುಂದಕ್ಕೆ ಚಾಚುವ ಎಡರೆಕ್ಕೆಯ ಮುಂಅಂಚಿನ ಸ್ಲ್ಯಾಟ್‌ಗಳು ಗಾಳಿಯ ಒತ್ತಡಕ್ಕೆ ಒಳಗೆ ಸರಿದವು. ಆ ರೆಕ್ಕೆಯ ಸ್ಟಾಲ್ ವೇಗ 159 ನಾಟ್‌ಗೆ ಏರಿತು, ಬಲರೆಕ್ಕೆಯದ್ದು ಏರಲಿಲ್ಲ. ವಿಮಾನ 172 ನಾಟ್‌ನಲ್ಲಿತ್ತು. ಎಂಜಿನ್ ಕೆಟ್ಟಾಗ 153 ನಾಟ್‌ನಲ್ಲಿ ಏರಬೇಕು ಎಂದು ನಿಯಮ ಹೇಳುತ್ತಿತ್ತು, ಪೈಲಟ್‌ಗಳು ಅದನ್ನೇ ಪಾಲಿಸಿ ವೇಗ ಇಳಿಸಿದರು. 159ಕ್ಕೆ ಬಂದಾಗ ಎಡರೆಕ್ಕೆ ಎತ್ತುವುದನ್ನು ನಿಲ್ಲಿಸಿತು. ಸ್ಟಾಲ್ ಎಚ್ಚರಿಕೆಗೆ ಕರೆಂಟ್ ಬರುತ್ತಿದ್ದದ್ದು ಅದೇ ಹೋದ ಎಂಜಿನ್ನಿನಿಂದ, ಹಾಗಾಗಿ ಅದೂ ಸುಮ್ಮನಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 273 ಜನ ಸತ್ತರು. ಅವರು ಇದ್ದ ವೇಗದಲ್ಲೇ ಇದ್ದಿದ್ದರೆ ವಿಮಾನ ಹತೋಟಿಯಲ್ಲಿ ಉಳಿಯುತ್ತಿತ್ತು. ಇಡೀ ವಿಷಯದಲ್ಲಿ ಒಂದೇ ಒಂದು ಪ್ರಕರಣ ಓದಿ ಎಂದರೆ ನಾನು ಹೇಳುವುದು ಇದನ್ನೇ.

ಇನ್ನು ಹತೋಟಿಯ ದಾರಿ. ದೊಡ್ಡ ವಿಮಾನದ ರಡ್ಡರ್ (ನೆಟ್ಟಗಿನ ಬಾಲದ ಪಟ್ಟಿ), ಎಲಿವೇಟರುಗಳನ್ನು (ಅಡ್ಡಬಾಲದ ಪಟ್ಟಿಗಳು) ಕೈಬಲದಿಂದ ಅಲುಗಿಸಲಾಗದು. ಸಾಮಾನ್ಯವಾಗಿ ಚದರ ಇಂಚಿಗೆ 3,000 ಪೌಂಡ್ ಒತ್ತಡದ ಎಣ್ಣೆ ಅದನ್ನು ಮಾಡುತ್ತದೆ. ಆದ್ದರಿಂದ ಮೂರೋ ನಾಲ್ಕೋ ಬೇರೆ ಬೇರೆ ಹೈಡ್ರಾಲಿಕ್ ವ್ಯವಸ್ಥೆ ಇಡುತ್ತಾರೆ. ನಿಮಗೆ ದುರ್ಗದ ಕೋಟೆ ಗೊತ್ತಲ್ಲ. ಏಳು ಸುತ್ತು ಕಟ್ಟಿದರೂ ಹೈದರನ ಸೈನಿಕರು ನುಸುಳಲು ಹೊರಟದ್ದು ಒಂದು ಕಿಂಡಿಯಲ್ಲಿ. ಡಿಸಿ-10ರ ಕಿಂಡಿ ಇದ್ದದ್ದು ಬಾಲದಲ್ಲಿ. 1989ರ ಜುಲೈ 19ರಂದು 37,000 ಅಡಿಯಲ್ಲಿ ಬಾಲದ ಎಂಜಿನ್ನಿನ ಫ್ಯಾನ್ ತಟ್ಟೆ ಸಿಡಿಯಿತು. ಎರಡನೇ ವ್ಯವಸ್ಥೆ ಎಂಜಿನ್ ಜೊತೆಗೇ ಹೋಯಿತು. ಒಂದನೆಯ ಮತ್ತು ಮೂರನೆಯ ವ್ಯವಸ್ಥೆಯ ಕೊಳವೆಗಳು ಬಲ ಅಡ್ಡಬಾಲದಲ್ಲಿ ಹತ್ತಿರ ಹತ್ತಿರ ಹಾದಿದ್ದವು, ಚೂರುಗಳು ಎರಡನ್ನೂ ಕತ್ತರಿಸಿದವು. ಮೂರೂ ಖಾಲಿ. 1985ರ ಆಗಸ್ಟ್ 12ರ ಜಪಾನ್ ದುರಂತದಲ್ಲೂ ಹೀಗೇ ಆಯಿತು. ಏಳು ವರ್ಷ ಹಿಂದೆ ಬಾಲ ನೆಲಕ್ಕೆ ಉಜ್ಜಿದಾಗ ಮಾಡಿದ ರಿಪೇರಿಯಲ್ಲಿ ಎರಡು ಸಾಲು ರಿವೆಟ್ ಹಿಡಿಯಬೇಕಾದ ಕಡೆ ಒಂದೇ ಸಾಲು ಭಾರ ಹೊರುವಂತಾಗಿತ್ತು. ಒಳಗಿನ ಗಾಳಿಯ ಒತ್ತಡ ತಡೆಯುವ ಹಿಂಬದಿಯ ಗೋಡೆ ಒಡೆದು 747ರ ನೆಟ್ಟಗಿನ ಬಾಲದ ಬಹುಭಾಗವೂ ನಾಲ್ಕೂ ಹೈಡ್ರಾಲಿಕ್‌ಗಳೂ ಹೋದವು. 524 ಜನರಲ್ಲಿ ಉಳಿದವರು ನಾಲ್ವರು.

ಆಮೇಲೆ ಬಂದದ್ದು ಹೈಡ್ರಾಲಿಕ್ ಫ್ಯೂಸ್. ಮನೆಯ ಫ್ಯೂಸಿನ ಬುದ್ಧಿಯೇ: ಕೊಳವೆ ಹರಿದು ಎಣ್ಣೆ ಅಳತೆ ಮೀರಿ ಹರಿಯತೊಡಗಿದರೆ ಅದು ಮುಚ್ಚಿಕೊಳ್ಳುತ್ತದೆ. ಹರಿದ ಜಾಗದ ಆಚೆಯ ಭಾಗ ಹೋಗುತ್ತದೆ, ಈಚೆಯ ಎಣ್ಣೆ ಉಳಿಯುತ್ತದೆ. ಏರ್‌ಬಸ್ ಎ380ಯಲ್ಲಿ ಇನ್ನೂ ಮುಂದೆ ಹೋಗಿ ಎರಡು ಹೈಡ್ರಾಲಿಕ್, ಎರಡು ವಿದ್ಯುತ್ ಎಂದು ಬಗೆಯನ್ನೇ ಬೇರೆ ಮಾಡಿದ್ದಾರೆ. ಇದೇ ಯೋಚನೆಯನ್ನು ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಲ್ಲೂ ಕಾಣಬಹುದು. ಈಗಿನ ದೊಡ್ಡ ಯಂತ್ರಗಳಲ್ಲಿ ಮೂರು ಅಲಗುಗಳನ್ನು ತಿರುಗಿಸುವ ವ್ಯವಸ್ಥೆ ಮೂರು, ಒಂದೊಂದಕ್ಕೂ ಪ್ರತ್ಯೇಕ ಬ್ಯಾಟರಿಯೋ ಒತ್ತಡದ ಸಿಲಿಂಡರೋ ಇರುತ್ತದೆ. ಒಂದು ಸಿಕ್ಕಿಕೊಂಡರೂ ಉಳಿದವು ಚಕ್ರವನ್ನು ನಿಲ್ಲಿಸುತ್ತವೆ.

ಎಲ್ಲ ಹೈಡ್ರಾಲಿಕ್ ಹೋದ ಮೇಲೆ ಪೈಲಟ್ ಕೈಯಲ್ಲಿ ಉಳಿಯುವುದು ಎಂಜಿನ್ ಬಲ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್. ತಿರುಗಿಸುವುದು ಎರಡೆತ್ತಿನ ಬಂಡಿಯ ಹಾಗೆ, ಬಲಕ್ಕೆ ಹೋಗಬೇಕಾದರೆ ಬಲ ಎತ್ತನ್ನು ಹಿಡಿದು ಎಡದ್ದನ್ನು ಹೊಡೆಯಬೇಕು. ಎಡ ಎಂಜಿನ್ ಹೆಚ್ಚಿಸಿದಾಗ ಮೂತಿ ಬಲಕ್ಕೆ ಸರಿಯುತ್ತದೆ, ಹಿಂದಕ್ಕೆ ಬಾಗಿದ ರೆಕ್ಕೆಗಳಲ್ಲಿ ಎಡದ್ದಕ್ಕೆ ಗಾಳಿ ಹೆಚ್ಚು ನೇರವಾಗಿ ಸಿಕ್ಕಿ ಅದು ಏಳುತ್ತದೆ, ಆಗ ವಿಮಾನ ಬಲಕ್ಕೆ ವಾಲಿ ತಿರುಗುತ್ತದೆ. ಇಷ್ಟಾಗಲು ಹಲವು ಸೆಕೆಂಡು ಬೇಕು, ಎಂಜಿನ್ ವೇಗ ಹಿಡಿಯುವುದೂ ನಿಧಾನ. ಕಾರಿನ ಸ್ಟಿಯರಿಂಗ್ ತಿರುಗಿಸಿ ಚಕ್ರ ತಿರುಗಲು ಐದಾರು ಎಣಿಸುವವರೆಗೆ ಕಾಯಬೇಕಾದರೆ ಹೇಗಿರುತ್ತದೆ, ಹಾಗೆ.

ಮೇಲೆ-ಕೆಳಗಿನ ಹತೋಟಿ ಇನ್ನೂ ಕಷ್ಟ. ಬಾಲ ಯಾವ ಸ್ಥಾನದಲ್ಲಿ ನಿಂತಿತೋ ಆ ಸ್ಥಾನಕ್ಕೆ ತಕ್ಕ ಒಂದು ವೇಗವನ್ನು ವಿಮಾನ ತಾನೇ ಹಿಡಿಯಲು ನೋಡುತ್ತದೆ. ವೇಗ ಹೆಚ್ಚಾದರೆ ಮೂತಿ ಏಳುತ್ತದೆ, ಏಳುತ್ತ ವೇಗ ಕಳೆದುಕೊಂಡು ಮತ್ತೆ ಇಳಿಯುತ್ತದೆ. ಜೋಕಾಲಿಯಂತೆ ಈ ಏರಿಳಿತ ನಡೆಯುತ್ತಲೇ ಇರುತ್ತದೆ, ಇದಕ್ಕೆ ಫ್ಯೂಗಾಯ್ಡ್ ಎನ್ನುತ್ತಾರೆ. ಒಂದು ಸುತ್ತಿನ ಸಮಯ ಸುಮಾರು 4.44 × ವೇಗ ÷ 9.81. ಸೆಕೆಂಡಿಗೆ 110 ಮೀಟರ್ ವೇಗಕ್ಕೆ ಹತ್ತಿರ ಹತ್ತಿರ 50 ಸೆಕೆಂಡು. ಇದನ್ನು ತಣಿಸಲು ಮಾಡಬೇಕಾದದ್ದು ಮನಸ್ಸಿಗೆ ತೋಚುವುದಕ್ಕೆ ತದ್ವಿರುದ್ಧ. ಮೂತಿ ಕೆಳಗಾಗಿ ವೇಗ ಏರುತ್ತಿರುವಾಗ ಯಾರಿಗಾದರೂ ಥ್ರಾಟಲ್ ಎಳೆಯೋಣ ಅನ್ನಿಸುತ್ತದೆ. ಆಗ ಹೆಚ್ಚಿಸಬೇಕು, ರೆಕ್ಕೆಯ ಕೆಳಗಿನ ಎಂಜಿನ್ನುಗಳ ನೂಕು ಮೂತಿಯನ್ನು ಎತ್ತುತ್ತದೆ. ಮೂತಿ ಏಳತೊಡಗಿದ ಕೂಡಲೇ, ವೇಗ ಬೀಳುವುದು ಕಾಣುತ್ತಿದ್ದರೂ, ಇಳಿಸಬೇಕು. 1989ರ ವಿಮಾನದಲ್ಲಿ ಕ್ಯಾಪ್ಟನ್ ಆಲ್ ಹೇನ್ಸ್ ಮತ್ತವರ ಸಂಗಡಿಗರು, ಪ್ರಯಾಣಿಕರಾಗಿ ಬಂದಿದ್ದ ತರಬೇತುದಾರ ಡೆನ್ನಿಸ್ ಫಿಚ್ ಸೇರಿ, 44 ನಿಮಿಷ ಹೀಗೇ ಹಾರಿಸಿ ಅಮೆರಿಕದ ಸೂ ಸಿಟಿಯ ರನ್‌ವೇವರೆಗೆ ತಂದರು. ನೆಲ ಮುಟ್ಟುವ ಹೊತ್ತಿಗೆ ಏರಿಳಿತದ ಇಳಿಮುಖ ಸಿಕ್ಕಿತು, ಬಲರೆಕ್ಕೆ ಮೊದಲು ತಾಗಿತು. 296ರಲ್ಲಿ 184 ಜನ ಬದುಕಿದರು. 2003ರ ನವೆಂಬರ್ 22ರಂದು ಬಾಗ್ದಾದಿನಲ್ಲಿ ಕ್ಷಿಪಣಿ ತಗುಲಿದ ಎ300 ಸರಕು ವಿಮಾನವನ್ನು ಮೂವರು ಸಿಬ್ಬಂದಿ ಇದೇ ರೀತಿ, ಒಬ್ಬರಿಗೂ ಗಾಯವಾಗದೆ ಇಳಿಸಿದರು. ಚಕ್ರಗಳನ್ನು ಬೇಗ ಕೆಳಗೆ ಬಿಟ್ಟದ್ದು ಅಲ್ಲಿ ಅನುಕೂಲವಾಯಿತು. ಚಕ್ರಗಳು ಗಾಳಿಗೆ ಒಡ್ಡುವ ತಡೆ ಜೋಕಾಲಿಯನ್ನು ತಣಿಸುತ್ತದೆ.

ಬಾಲದ ಪ್ರಶ್ನೆಗೆ ಬರೋಣ. ಚಳ್ಳಕೆರೆ ಬಳಿ ಡಿಆರ್‌ಡಿಒದ ಪರೀಕ್ಷಾ ರೇಂಜಿನಿಂದ 2022ರ ಜುಲೈ 1ರಂದು ಹಾರಿದ್ದು ಪೈಲಟ್ ಇಲ್ಲದ, ಬರೀ ರೆಕ್ಕೆಯ ಆಕಾರದ ಪ್ರಾಯೋಗಿಕ ವಿಮಾನ. ಅದಕ್ಕೆ ಬಾಲ ‘ಹೋದದ್ದಲ್ಲ’, ಮೊದಲಿಂದಲೇ ಇಲ್ಲ. ಆಷಾಢದ ಗಾಳಿಪಟ ನೆನಪಿಸಿಕೊಳ್ಳಿ: ಬಾಲಂಗೋಚಿ ಇಲ್ಲದೆ ಹಾರುವ ಪಟವೂ ಇದೆ, ಅದರ ಬಿಲ್ಲು, ಸೂತ್ರ ಕಟ್ಟುವ ರೀತಿಯೇ ಬೇರೆ. ಬಾಲಂಗೋಚಿ ಬೇಕಾದ ಪಟದಿಂದ ಅದನ್ನು ಕಿತ್ತರೆ ಗಿರಕಿ ಹೊಡೆದು ನೆಲಕ್ಕೆ ಬರುತ್ತದೆ. ಬಾಲವಿಲ್ಲದ ವಿಮಾನದಲ್ಲಿ ಭಾರದ ಕೇಂದ್ರ, ರೆಕ್ಕೆಯ ತಿರುವು, ಹಿಂಅಂಚಿನ ಪಟ್ಟಿಗಳು, ಅವನ್ನು ಕ್ಷಣಕ್ಷಣಕ್ಕೂ ಅಲುಗಿಸುವ ಕಂಪ್ಯೂಟರ್ ಎಲ್ಲವೂ ಆ ಲೆಕ್ಕದ ಮೇಲೇ ಆಗಿರುತ್ತವೆ.

ಸಾಮಾನ್ಯ ವಿಮಾನದಲ್ಲಿ ಯಾವ ಬಾಲ ಹೋಯಿತು ಎಂಬುದು ಮುಖ್ಯ. ಅಡ್ಡಬಾಲ ಪೂರ್ತಿ ಹೋದರೆ ಮುಗಿಯಿತು. ಅದು ಹಿಂಬದಿಯನ್ನು ಕೆಳಗೊತ್ತಿ ಮೂತಿಯನ್ನು ಹಿಡಿದಿರುತ್ತದೆ, ಹೋದೊಡನೆ ಮೂತಿ ಕೆಳಗೆ ಬೀಳುತ್ತದೆ, ಥ್ರಾಟಲ್ ಅದನ್ನು ಎತ್ತಲಾರದು. ನೆಟ್ಟಗಿನ ಬಾಲ ಹೋದರೆ ಅಷ್ಟು ನಿರಾಶೆ ಬೇಡ. 1964ರ ಜನವರಿ 10ರಂದು ಅಮೆರಿಕದ ಬಿ-52 ಬಾಂಬರೊಂದರ ನೆಟ್ಟಗಿನ ಬಾಲ ಬಿರುಗಾಳಿಗೆ ಮುರಿದುಹೋಯಿತು. ಬೋಯಿಂಗ್ ಪರೀಕ್ಷಾ ಪೈಲಟ್ ಚಕ್ ಫಿಷರ್ ತಂಡ ಅದನ್ನು ಗಂಟೆಗಟ್ಟಲೆ ಹಾರಿಸಿ ಆರ್ಕನ್ಸಾದಲ್ಲಿ ಇಳಿಸಿತು. ಅಲ್ಲಿ ಹೈಡ್ರಾಲಿಕ್ ಮತ್ತು ರೆಕ್ಕೆಯ ಹತೋಟಿ ಉಳಿದಿತ್ತು. ಜಪಾನಿನ 747ರಲ್ಲಿ ಅದೂ ಇರಲಿಲ್ಲ.

ಪೆಟ್ಟಾದ ಮೇಲೆ ಪೈಲಟ್ ಏನು ಮಾಡುತ್ತಾರೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇಲ್ಲಿ ಹಾಸಿಗೆ ಎಷ್ಟು ಉಳಿದಿದೆ ಎಂದೇ ಗೊತ್ತಿರುವುದಿಲ್ಲ, ಅದನ್ನು ಎತ್ತರದಲ್ಲೇ ಅಳೆಯಬೇಕು. ಬೆಂಕಿ ಇಲ್ಲ, ಉಸಿರಾಟಕ್ಕೆ ತೊಂದರೆ ಇಲ್ಲ ಎಂದಾದರೆ ನೆಲದಿಂದ 10,000 ಅಡಿಯ ಆಸುಪಾಸಿನಲ್ಲಿ, ತಪ್ಪಿದರೆ ಸರಿಪಡಿಸಲು ಎಡೆಯಿರುವಾಗ, ಇಳಿಯುವ ಸ್ಥಿತಿಯನ್ನು ಮೊದಲು ಅಲ್ಲೇ ಮಾಡಿ ನೋಡುತ್ತಾರೆ. ಚಕ್ರ ಬಿಟ್ಟು ನೋಡುವುದು. ಫ್ಲ್ಯಾಪ್ (ನಿಧಾನವಾಗಿ ಇಳಿಯಲೆಂದು ರೆಕ್ಕೆಯ ಹಿಂಅಂಚಿನಿಂದ ಕೆಳಗೆ ಚಾಚುವ ಪಟ್ಟಿ) ಒಂದು ಮೆಟ್ಟಿಲು ಬಿಟ್ಟು ನೋಡುವುದು. ವಿಮಾನ ವಾಲತೊಡಗಿದರೆ ಒಂದು ಕಡೆಯದು ಮಾತ್ರ ಬಂದಿದೆ ಎಂದರ್ಥ, ತಕ್ಷಣ ಹಿಂದಿನ ಮೆಟ್ಟಿಲಿಗೇ ಮರಳುವುದು. ಆಮೇಲೆ ವೇಗವನ್ನು ಐದೈದು, ಹತ್ತತ್ತು ನಾಟ್ ಇಳಿಸುತ್ತ ಚುಕ್ಕಾಣಿ ಎಷ್ಟು ತಿರುಗಿದೆ ಎಂದು ಗಮನಿಸುವುದು. ಪೂರ್ತಿ ತಿರುಗುವವರೆಗೆ ಹೋಗಬಾರದು, ಗಾಳಿಯ ಹೊಡೆತಕ್ಕೆ ಒಂದಷ್ಟು ಬಾಕಿ ಇರಬೇಕು. ಮೇಲಿನ ಲೆಕ್ಕದ ವಿಮಾನವನ್ನು 160 ನಾಟ್‌ನಲ್ಲಿ ಇಳಿಸಿದರೆ 15 ಡಿಗ್ರಿ ಖರ್ಚಾಗಿ 5 ಡಿಗ್ರಿ ಉಳಿಯುತ್ತದೆ. ಸಿಕ್ಕ ಕನಿಷ್ಠ ವೇಗವನ್ನು ಬರೆದುಕೊಂಡು, ನೆಲ ಮುಟ್ಟುವವರೆಗೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಂತ ಎಷ್ಟು ಬೇಕಾದರೂ ವೇಗ ಏರಿಸುವಂತೆಯೂ ಇಲ್ಲ, ಹರಿದ ಅಂಚು ಗಾಳಿಗೆ ಪಟಪಟ ಬಡಿದು ಇನ್ನಷ್ಟು ಸೀಳಬಹುದು.

ಹವಾಯಿಯ 737 ಇಳಿದದ್ದು ಹೀಗೇ. ಫ್ಲ್ಯಾಪನ್ನು 5 ಎಂಬ ಗುರುತಿನ ಆಚೆ ಬಿಟ್ಟಾಗ ವಿಮಾನ ಕೈಗೆ ಸಿಗದಾಯಿತು, ಮತ್ತೆ 5ಕ್ಕೆ ತಂದರು. 170 ನಾಟ್‌ಗಿಂತ ಕೆಳಗೆ ಹಿಡಿತ ತಪ್ಪುತ್ತಿತ್ತು, 170ರಲ್ಲೇ ಇಳಿಸಿದರು. 2010ರ ನವೆಂಬರ್ 4ರಂದು ಸಿಂಗಪುರದ ಬಳಿ ಎಂಜಿನ್ ಸಿಡಿದು 469 ಜನರಿದ್ದ ಎ380ಯಲ್ಲೂ ಇಳಿಯುವ ಮೊದಲು ಈ ಪರೀಕ್ಷೆ ನಡೆಯಿತು.

ವೇಗ ಉಳಿಸಿಕೊಂಡದ್ದರ ಸಾಲ ರನ್‌ವೇ ಮೇಲೆ ತೀರಿಸಬೇಕು. 140ರ ಬದಲು 175 ನಾಟ್‌ನಲ್ಲಿ ಇಳಿದರೆ ಬ್ರೇಕು ನುಂಗಬೇಕಾದ ಶಕ್ತಿ 1.56 ಪಟ್ಟು. ಚಕ್ರ ಅತಿಯಾಗಿ ಕಾದರೆ ಅದರಲ್ಲಿರುವ ಕರಗುವ ಬಿರಟೆ ಕರಗಿ ಟೈರಿನ ಗಾಳಿ ಇಳಿಯುತ್ತದೆ, ಸಿಡಿಯದಿರಲಿ ಎಂದೇ ಹಾಗೆ ಮಾಡಿದ್ದಾರೆ. ಪ್ರಯಾಣಿಕ ವಿಮಾನಗಳ ಸಾಮಾನ್ಯ ಟೈರು ತಾಳುವುದು ಗಂಟೆಗೆ ಸುಮಾರು 360 ಕಿ.ಮೀ., ಅಂದರೆ 195 ನಾಟ್. ಸೂ ಸಿಟಿಯ ವಿಮಾನ ಸುಮಾರು 215 ನಾಟ್‌ನಲ್ಲಿ ನೆಲ ಮುಟ್ಟಿತ್ತು. ಆದ್ದರಿಂದ ಉದ್ದದ ರನ್‌ವೇ, ಎದುರುಗಾಳಿ, ದೂರದಿಂದಲೇ ನೇರವಾಗಿ ಬರುವ ದಾರಿ ಹುಡುಕುತ್ತಾರೆ. ಹತ್ತಿರದ್ದೇ ಒಳ್ಳೆಯದು ಎಂಬುದು ಬೆಂಕಿ ಹತ್ತಿದಾಗ ಮಾತ್ರ.

ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ. 2001ರ ಜನವರಿ 4ರಂದು ಮೊದಲು ಹಾರಿದ ನಮ್ಮ ತೇಜಸ್ ಕಂಪ್ಯೂಟರಿನ ಹತೋಟಿ ಇಲ್ಲದೆ ಹಾರಲಾರದು, ಅದಕ್ಕೇ ಅದರಲ್ಲಿ ಹತೋಟಿಯ ದಾರಿ ನಾಲ್ಕು ಪಟ್ಟು ಇದೆ. ಪೆಟ್ಟಾದಾಗ ಕಂಪ್ಯೂಟರ್ ವಾಲನ್ನು ಮನುಷ್ಯನಿಗಿಂತ ಬೇಗ ಹಿಡಿಯುತ್ತದೆ. ಆದರೆ ಅದೇ ಕಾರಣಕ್ಕೆ ಏಲೆರಾನ್ ಎಷ್ಟು ಖರ್ಚಾಗಿದೆ ಎಂಬುದು ಪೈಲಟ್‌ಗೆ ತಿಳಿಯದೆ ಹೋಗಬಹುದು, ಕೊನೆಯ ಡಿಗ್ರಿ ಮುಗಿದಾಗಲೇ ವಿಮಾನ ಮಗುಚುವುದು. ಉಳಿಯದ ಏಲೆರಾನನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸುವುದಿಲ್ಲ. ಥ್ರಾಟಲ್ ಹಾರಾಟದಲ್ಲಿ ಮಾತ್ರ ಅದು ಮನುಷ್ಯನನ್ನು ಸಾರಾಸಗಟಾಗಿ ಸೋಲಿಸಿದೆ. ಸೂ ಸಿಟಿಯ ನಂತರ ನಾಸಾದ ಬಿಲ್ ಬರ್ಚಮ್ ತಂಡ ಎಂಜಿನ್ನುಗಳನ್ನಷ್ಟೇ ಬಳಸಿ ಇಳಿಸುವ ಪ್ರೋಗ್ರಾಮ್ ಬರೆಯಿತು. 1993ರ ಏಪ್ರಿಲ್‌ನಲ್ಲಿ ಎಫ್-15, 1995ರ ಆಗಸ್ಟ್ 29ರಂದು ಗೋರ್ಡನ್ ಫುಲ್ಲರ್ಟನ್ ಹಾರಿಸಿದ ಎಂಡಿ-11, ಎರಡೂ ಅದರಿಂದ ಸುರಕ್ಷಿತವಾಗಿ ಇಳಿದವು. ಫ್ಯೂಗಾಯ್ಡ್ ಜೋಕಾಲಿಯನ್ನು ಅದು ಹುಟ್ಟುವ ಮೊದಲೇ ತಣಿಸುವುದು ಕಂಪ್ಯೂಟರಿಗೆ ಸುಲಭದ ಕೆಲಸ. ಆದರೂ ಪ್ರಯಾಣಿಕ ವಿಮಾನಗಳಲ್ಲಿ ಅದನ್ನು ಕಡ್ಡಾಯ ಮಾಡಲಿಲ್ಲ. ಕೊಳವೆಗಳನ್ನು ದೂರ ದೂರ ಹಾಯಿಸಿ, ಫ್ಯೂಸ್ ಇಟ್ಟು, ಎಲ್ಲ ಹೈಡ್ರಾಲಿಕ್ ಒಟ್ಟಿಗೆ ಹೋಗದಂತೆ ನೋಡಿಕೊಳ್ಳುವ ದಾರಿಯನ್ನೇ ಉದ್ಯಮ ಹಿಡಿಯಿತು.